ಎರಡು ಕೋಣೆಯ ಪೆಟ್ಟಿಗೆ

ನಮ್ಮ ಬೀದಿಯ ಕೊನೆಯಲ್ಲಿ, ಟಯರು ಅಂಗಡಿಯ ಹಿಂದೆ, ತಗಡಿನ ಮಾಡಿನ ಒಂದು ಶೆಡ್ ಇದೆ. ಅದರ ಯಜಮಾನನನ್ನು ಎಲ್ಲರೂ ಕಿವಿಯಣ್ಣ ಎಂದೇ ಕರೆಯುತ್ತಾರೆ. ನನಗಿಂತ ಚಿಕ್ಕವನಾದ್ದರಿಂದ ಇಲ್ಲಿ ಏಕವಚನದಲ್ಲೇ ಬರೆಯುತ್ತಿದ್ದೇನೆ, ಅವನಿಗೆ ಬೇಸರವಿಲ್ಲ. ಕಿವಿ ದೊಡ್ಡದೆಂದು ಬಂದ ಹೆಸರಲ್ಲ ಅದು. ಕಂಡದ್ದಕ್ಕೆಲ್ಲ ಕಿವಿ ಹಚ್ಚುವ ಅಭ್ಯಾಸ ಅವನದು. ಹಲಗೆ ಕೊಳ್ಳುವಾಗ ಬೆರಳ ಗೆಣ್ಣಿನಿಂದ ತಟ್ಟಿ ಕಿವಿ ಇಡುತ್ತಾನೆ. ಒಮ್ಮೆ ನಮ್ಮ ಮನೆಯ ಫ್ರಿಜ್ಜಿಗೂ ಕಿವಿ ಇಟ್ಟು, "ಮೇಷ್ಟ್ರೇ, ಇದಕ್ಕೆ ಕೆಮ್ಮು ಹತ್ತಿದೆ" ಎಂದು ಹೇಳಿ ಹೋದ. ಕೆಲವು ದಿನಗಳಲ್ಲಿ ಅದು ನಿಂತೇಹೋಯಿತು.

"ಮೊದಲನೇ ಸಲ ನಮ್ಮ ಮನೆಗೆ ಬಂದಾಗ್ಲೂ ನನ್ನ ಮಾತು ಕೇಳಿಸಿಕೊಳ್ಳಲಿಲ್ಲ. ಗೋಡೆ ಗಡಿಯಾರ ಟಿಕ್ ಅನ್ನೋದು ಸರಿ ಇಲ್ಲ ಅಂತ ಅದನ್ನೇ ನೋಡ್ತಾ ಕೂತಿದ್ರು" ಎಂದು ಅವನ ಹೆಂಡತಿ ಈಗಲೂ ಹೇಳುವುದುಂಟು.

ಅವನ ಕಸುಬು ಧ್ವನಿಪೆಟ್ಟಿಗೆ ಕಟ್ಟುವುದು. ಅವನು ಕಲಿತ ಕಾಲದಲ್ಲಿ ಧ್ವನಿಪೆಟ್ಟಿಗೆಯೆಂದರೆ ಬರೀ ಪೆಟ್ಟಿಗೆ. ಅದರೊಳಗೆ ಸದ್ದು ಮಾಡುವ ಸ್ಪೀಕರುಗಳು, ದಪ್ಪ ಸದ್ದನ್ನೂ ಸಣ್ಣ ಸದ್ದನ್ನೂ ಬೇರೆಮಾಡಿ ಕಳಿಸುವ ತಾಮ್ರದ ತಂತಿಯ ಸುರುಳಿ, ಇಷ್ಟೇ. ಶಕ್ತಿ ಕೊಡುವ ಆಂಪ್ಲಿಫೈಯರು ಬೇರೆಲ್ಲೋ ಒಂದು ಕಪಾಟಿನಲ್ಲಿ ಕುಳಿತಿರುತ್ತಿತ್ತು. ಅದನ್ನು ನೋಡಿಕೊಳ್ಳಲು ಒಬ್ಬ ಮನುಷ್ಯ. ಇಂಥ ಪೆಟ್ಟಿಗೆಗೆ ವ್ಯಾಪಾರದವರು ಪ್ಯಾಸಿವ್ ಎನ್ನುತ್ತಾರೆ. ಅದಕ್ಕೆ ಸ್ವಂತ ಕರೆಂಟು ಬೇಡ. ನಮ್ಮ ಶಾಲೆಗೆ ಅವನು ಕಟ್ಟಿಕೊಟ್ಟ ಜೋಡಿ ನಾನು ನಿವೃತ್ತನಾಗುವವರೆಗೂ ಒಂದು ದಿನವೂ ಗೊರಗೊರ ಅನ್ನಲಿಲ್ಲ.

ಗಿರಾಕಿಯ ಮನಸ್ಸು ಪೆಟ್ಟಿಗೆಯ ರೂಪವನ್ನು ಹೇಗೆ ತಿದ್ದುತ್ತದೆ ಎಂಬುದನ್ನು ನಾನು ಕಂಡದ್ದು ಆ ಶೆಡ್ಡಿನಲ್ಲೇ. ಒಂದು ಕಾಲದಲ್ಲಿ ಕೊಳ್ಳಲು ಬಂದವರು ಪೆಟ್ಟಿಗೆಯನ್ನು ಎತ್ತಿ ನೋಡುತ್ತಿದ್ದರು. ಭಾರವಿದ್ದರೆ ಗಟ್ಟಿ ಮಾಲು ಎಂದು ಮುಖ ಅರಳುತ್ತಿತ್ತು. ಕಿವಿಯಣ್ಣ ಕೆಲವು ವರ್ಷ ಪೆಟ್ಟಿಗೆಯ ತಳದಲ್ಲಿ ಕಲ್ಲಿನ ಹಲಗೆಯನ್ನೇ ಕೂರಿಸಿದ. ಸದ್ದಿಗೆ ಅದರಿಂದ ಅಷ್ಟೇನೂ ಲಾಭವಿರಲಿಲ್ಲ. "ಅವರು ಕಿವಿಯಲ್ಲಿ ಕೊಳ್ಳಲ್ಲ ಮೇಷ್ಟ್ರೇ, ಸೊಂಟದಲ್ಲಿ ಕೊಳ್ತಾರೆ" ಎಂದು ನಗುತ್ತಿದ್ದ. ಆಮೇಲೆ ಮಿಣುಕುವ ದೀಪಗಳ ಕಾಲ ಬಂತು. ಹಲ್ಲು ಕಚ್ಚಿಕೊಂಡು ದೀಪವನ್ನೂ ಹಾಕಿದ. ಅದೂ ಹೋಯಿತು. ಈಗ ಬಂದವರೂ ಪೆಟ್ಟಿಗೆಯನ್ನು ಎತ್ತುತ್ತಾರೆ. ಭಾರವಿದ್ದರೆ ಮುಖ ಸಿಂಡರಿಸಿಕೊಂಡು ಇಳಿಸುತ್ತಾರೆ. "ಪವರ್ಡ್ ಇಲ್ವಾ?" ಎಂದು ಕೇಳುತ್ತಾರೆ. ಆಂಪ್ಲಿಫೈಯರು ಪೆಟ್ಟಿಗೆಯೊಳಗೇ ಇರಬೇಕು, ಗೋಡೆಯ ಪ್ಲಗ್ಗಿಗೆ ಸಿಕ್ಕಿಸಬೇಕು, ಫೋನಿನಿಂದ ಹಾಡಬೇಕು. ಇದಕ್ಕೇ ಆಕ್ಟಿವ್ ಎಂದೂ ಹೆಸರು. ಕಪಾಟು ಬೇಡ, ಕಾಯುವ ಮನುಷ್ಯ ಬೇಡ, ತಂತಿಗಳ ಸಿಕ್ಕು ಬೇಡ.

ಕಿವಿಯಣ್ಣ ಅಂಥವರನ್ನು ಟಯರು ಅಂಗಡಿಯ ಆಚೆಯವರೆಗೂ ಕಳಿಸಿಕೊಟ್ಟು ಬರುತ್ತಿದ್ದ. ಅಷ್ಟು ಮರ್ಯಾದಸ್ಥ. ಆದರೆ ಹಿಂದಿರುಗಿ ಬಂದವರು ಕಡಿಮೆ. ಗೋಡೆಗೆ ಒರಗಿಸಿಟ್ಟ ಪೆಟ್ಟಿಗೆಗಳ ಮೇಲೆ ದೂಳು ಕೂರತೊಡಗಿತು.

ಅವನಿಗೆ ಒಬ್ಬಳೇ ಮಗಳು. ಸರ್ಕೀಟು ಬೋರ್ಡುಗಳ ಕೆಲಸ ಕಲಿತವಳು, ಬೆಸುಗೆ ಕಡ್ಡಿ ಹಿಡಿದರೆ ಕೈ ನಡುಗದವಳು. ಪೇಟೆಯ ದೊಡ್ಡ ಶೋರೂಮಿನವರು ಅವಳನ್ನು ಕೆಲಸಕ್ಕೆ ಕರೆದಿದ್ದರು. ಅವಳು ಹೋಗದೆ ಅಪ್ಪನ ಶೆಡ್ಡಿನಲ್ಲೇ ಉಳಿದಿದ್ದಳು. ಹೀಗಿರುವಾಗ ಊರಲ್ಲಿ ಹೊಸದಾಗಿ ಕಟ್ಟಿದ ಸಭಾಂಗಣದಿಂದ ಕರೆ ಬಂತು. ಅಲ್ಲಿನ ಮ್ಯಾನೇಜರಮ್ಮ ಶೆಡ್ಡಿಗೇ ಬಂದು, ಹಳೆಯ ಪೆಟ್ಟಿಗೆಗಳ ಸದ್ದು ಕೇಳಿ, "ಚೆನ್ನಾಗಿದೆ. ಆದ್ರೆ ಇದರ ಆಂಪ್ಲಿಫೈಯರು ಎಲ್ಲಿಡಲಿ? ನನ್ನ ಹತ್ರ ಜಾಗಾನೂ ಇಲ್ಲ, ಅದರ ಮುಂದೆ ಕೂರೋಕೆ ಜನಾನೂ ಇಲ್ಲ. ಸ್ವಿಚ್ ಹಾಕಿದ್ರೆ ಮಾತಾಡಬೇಕು. ಅಂಥದ್ದು ಮಾಡ್ತೀರಾ?" ಎಂದು ಕೇಳಿದರು.

ಅಪ್ಪ ಬಾಯಿ ತೆರೆಯುವ ಮೊದಲೇ ಮಗಳು, "ಮಾಡ್ತೀವಿ" ಎಂದಳು.

ಅವರು ಹೋದ ಮೇಲೆ ಶೆಡ್ಡಿನಲ್ಲಿ ನಡೆದ ಮಾತು ಬೀದಿಗೇ ಕೇಳಿಸಿತು.

"ಯಾರನ್ನ ಕೇಳಿ ಒಪ್ಪಿಕೊಂಡೆ?"

"ನಿಮ್ಮನ್ನ ಕೇಳಿದ್ರೆ ಒಪ್ತಿದ್ರಾ?"

"ಒಪ್ತಿರಲಿಲ್ಲ."

"ಅದಕ್ಕೇ ಕೇಳಲಿಲ್ಲ." ಅವಳೇ ಮುಂದುವರಿಸಿದಳು: "ಅಪ್ಪ, ಇದೊಂದು ಕೈಗೆ ಬರಲಿ. ಸಭಾಂಗಣಕ್ಕೆ ಹಾಕಿದ್ವಿ ಅಂದ್ರೆ ಬೇರೆಯವರೂ ಬರ್ತಾರೆ. ಇದು ಬರಲಿಲ್ಲ ಅಂದ್ರೆ ಬಾಗಿಲು ಹಾಕೋಣ. ನಾನು ಶೋರೂಮಿಗೆ ಹೋಗ್ತೀನಿ. ಮತ್ತೆ ಈ ಮಾತು ಎತ್ತಲ್ಲ."

ಕಿವಿಯಣ್ಣ "ಆಗಲಿ" ಎಂದ. ಆ ಒಂದು ಮಾತಿಗೆ ಶೆಡ್ಡು, ಬೆಂಚು, ಉಳಿ, ಇಷ್ಟು ವರ್ಷಗಳ ಬಾಳು ಎಲ್ಲವೂ ಕಟ್ಟುಬಿದ್ದವು. ಅದು ಅವನಿಗೂ ಗೊತ್ತಿತ್ತು, ಅವಳಿಗೂ ಗೊತ್ತಿತ್ತು.

ಕೆಲಸ ಶುರುವಾಯಿತು. ಮಗಳು ಪೆಟ್ಟಿಗೆಯೊಳಗೇ ಎರಡು ಕೋಣೆ ಮಾಡಿಸಿದಳು. ಮುಂದಿನ ಕೋಣೆ ಸ್ಪೀಕರಿಗೆ, ಹಿಂದಿನ ಸಣ್ಣ ಕೋಣೆ ಆಂಪ್ಲಿಫೈಯರಿಗೆ. ಆಂಪ್ಲಿಫೈಯರು ದುಡಿದರೆ ಬಿಸಿಯಾಗುತ್ತದೆ. ಆ ಬಿಸಿ ಹೊರಹೋಗಲು ಹಿಂಬದಿಯ ಹಲಗೆಯಲ್ಲಿ ಮೇಲೊಂದು, ಕೆಳಗೊಂದು ಉದ್ದನೆಯ ಸೀಳು. ಗರಗಸ ಹಿಡಿದು ಸೀಳು ಕೊಯ್ಯುವಾಗ ಕಿವಿಯಣ್ಣನ ಮುಖ ನೋಡಬೇಕಿತ್ತು. ಗಾಳಿ ನುಸುಳದ ಹಾಗೆ ಪೆಟ್ಟಿಗೆ ಮುಚ್ಚುವುದನ್ನೇ ಜೀವನವೆಲ್ಲ ಮಾಡಿದವನು ಅವನು. ಸಂದಿಗೆ ಮೆತ್ತುವ ಅಂಟುಮುದ್ದೆ ಅವನ ಜೇಬಿನಲ್ಲಿ ಸದಾ ಇರುತ್ತದೆ.

"ನನ್ನ ಕೈಯಾರೆ ಪೆಟ್ಟಿಗೆಗೆ ಗಾಯ ಮಾಡಿಸ್ತಿದ್ದೀಯ" ಎಂದ.

"ಗಾಯ ಅಲ್ಲ ಅಪ್ಪ, ಮೂಗು" ಎಂದಳು ಅವಳು.

ಪರೀಕ್ಷೆಯ ದಿನ ನಿಗದಿಯಾಯಿತು. ಮ್ಯಾನೇಜರಮ್ಮನ ಷರತ್ತು ಒಂದೇ. ಮಾದರಿಯ ಎರಡು ಪೆಟ್ಟಿಗೆ ತಂದು ವೇದಿಕೆಯ ಎರಡೂ ಕಡೆ ನಿಲ್ಲಿಸಬೇಕು. ಮಧ್ಯಾಹ್ನದ ಊಟವಾದ ಮೇಲೆ ಹಚ್ಚಿದರೆ ದೀಪ ಹಾಕುವ ಹೊತ್ತಿನವರೆಗೆ ಅವು ಹಾಡಬೇಕು, ಮಾತಾಡಬೇಕು. ಯಾರೂ ಕೈ ಹಚ್ಚಬಾರದು. "ಮಧ್ಯೆ ನಿಂತರೆ ಅಲ್ಲಿಗೆ ಮುಗೀತು. ಮಾರನೇ ದಿನ ದೊಡ್ಡ ಕಾರ್ಖಾನೆಯವರ ಪೆಟ್ಟಿಗೆ ಬರುತ್ತೆ" ಎಂದು ಅವರು ಮೊದಲೇ ತಿಳಿಸಿದ್ದರು.

ಹಾಡಿಗೆ ಫೋನಿತ್ತು. ಮಾತಿಗೆ ಮನುಷ್ಯ ಬೇಕಿತ್ತು. "ಮೇಷ್ಟ್ರೇ, ನಿಮ್ಮ ಗಂಟಲು ನಿಲ್ಲಲ್ಲ ಅಂತ ಬೀದಿಗೆಲ್ಲ ಗೊತ್ತು. ಮೈಕಿನ ಮುಂದೆ ಪೇಪರ್ ಓದ್ತೀರಾ?" ಎಂದು ಆ ಹುಡುಗಿ ನನ್ನನ್ನು ಕರೆದಳು. ಹೀಗೆ ಆ ಮಧ್ಯಾಹ್ನ ನಾನೂ ಅಲ್ಲಿದ್ದೆ.

ನಾವು ಹೊರಡುವ ಮುಂಚೆ, ಬೆಳಿಗ್ಗೆ ಶೆಡ್ಡಿನಲ್ಲಿ ಏನಾಗಿತ್ತೆಂಬುದನ್ನು ಇಲ್ಲೇ ಹೇಳಿಬಿಡಬೇಕು, ಕಿವಿಯಣ್ಣ ಆಮೇಲೆ ತಿಳಿಸಿದ್ದು. ಮಗಳು ವ್ಯಾನು ತರಲು ಹೋಗಿದ್ದಳು. ಕಿವಿಯಣ್ಣ ಒಬ್ಬನೇ ಇದ್ದ. ಎಂದೂ ಇಲ್ಲದ ಧೈರ್ಯ ಮಾಡಿ ಸದ್ದನ್ನು ಪೂರಾ ಏರಿಸಿ, ಪೆಟ್ಟಿಗೆಯ ಹಿಂಬದಿಗೆ ಕಿವಿ ಕೊಟ್ಟ. ದಪ್ಪ ಸದ್ದು ಬಂದಾಗಲೆಲ್ಲ ಸೀಳಿನಿಂದ ಸುಯ್ ಸುಯ್ ಎಂದು ಗಾಳಿ ಊದುವುದು ಕೇಳಿಸಿತು. ಅವನ ಮೈಯೆಲ್ಲ ಮುಳ್ಳಾಯಿತು. ಇಂಥ ಸದ್ದಿರುವ ಪೆಟ್ಟಿಗೆಯನ್ನು ಅವನು ಎಂದೂ ಬಾಗಿಲು ದಾಟಿಸಿದವನಲ್ಲ. ಹಿಂಬದಿಯ ಹಲಗೆ ಬಿಚ್ಚಿ, ಎರಡು ಸೀಳಿಗೂ ಒಳಗಿನಿಂದ ಕಪ್ಪು ಕಂಬಳಿಯಂಥ ದಪ್ಪ ಉಣ್ಣೆಪಟ್ಟಿ ಅಂಟಿಸಿ, ಅಂಚಿಗೆ ಅಂಟುಮುದ್ದೆ ಒತ್ತಿ, ತಿರುಪು ಬಿಗಿದ. ಮತ್ತೆ ಕಿವಿ ಇಟ್ಟ. ಸುಯ್ ಇಲ್ಲ. ಎರಡನೆಯ ಪೆಟ್ಟಿಗೆಗೂ ಹಾಗೇ ಮಾಡಿದ. ಸೀಳಿನ ಒಳಗೆ ಹೇಗೂ ಕಪ್ಪು, ಪಟ್ಟಿಯೂ ಕಪ್ಪು. ಹೊರಗಿನಿಂದ ನೋಡಿದರೆ ಏನೂ ತಿಳಿಯದು. ಮಗಳ ಕೆಲಸದ ಕೊರತೆಯನ್ನು ಅವಳಿಗೆ ಗೊತ್ತಾಗದ ಹಾಗೆ ಸರಿಪಡಿಸಿದೆ ಎಂಬ ಸಂತೋಷದಿಂದ ವ್ಯಾನು ಹತ್ತಿದ. ದಾರಿಯಲ್ಲಿ ಶಿಳ್ಳೆಯನ್ನೂ ಹಾಕಿದ.

ಸಭಾಂಗಣ ದೊಡ್ಡದು. ಕುರ್ಚಿಗಳಿಗೆ ಇನ್ನೂ ಪ್ಲಾಸ್ಟಿಕ್ ಹೊದಿಕೆ ಇತ್ತು, ಹೊಸ ಬಣ್ಣದ ವಾಸನೆ ಮೂಗಿಗೆ ಅಡರುತ್ತಿತ್ತು. ಮ್ಯಾನೇಜರಮ್ಮ ಹಿಂದಿನ ಸಾಲಿನಲ್ಲಿ ಕನ್ನಡಕ ತೆಗೆದಿಟ್ಟು ಕಣ್ಣು ಮುಚ್ಚಿ ಕುಳಿತರು. ಮಗಳು ಸ್ವಿಚ್ಚು ಹಾಕಿದಳು. ಹಾಡು ಎದ್ದಿತು. ಎಡ, ಬಲ, ಎಲ್ಲ ಮೂಲೆಗೂ ಸಮನಾಗಿ ತುಂಬಿತು. ಆಮೇಲೆ ನಾನು ಓದಿದೆ: ಹವಾಮಾನ, ಪೇಟೆ ಧಾರಣೆ, ಕಳೆದುಹೋದ ನಾಯಿಯ ಜಾಹೀರಾತು. ಮತ್ತೆ ಹಾಡು, ಮತ್ತೆ ಓದು. ಮಗಳ ಮುಖದಲ್ಲಿ ಬಹಳ ತಿಂಗಳುಗಳಿಂದ ಕಾಣದಿದ್ದ ನಗು ಮೂಡಿತು. ಕಿವಿಯಣ್ಣ ಮೊದಲ ಸಾಲಿನಲ್ಲಿ ಕಾಲ ಮೇಲೆ ಕಾಲು ಹಾಕಿ ಕುಳಿತಿದ್ದ.

ಕಿಟಕಿಯ ಬಿಸಿಲು ನೆಲದ ಅರ್ಧಕ್ಕೆ ಸರಿದಿರಬಹುದು. ಕಿವಿಯಣ್ಣ ಮೂಗು ಎತ್ತಿದ. ಬಣ್ಣದ ವಾಸನೆಯ ನಡುವೆ ಇನ್ನೊಂದು ವಾಸನೆ: ಕಾದ ಅಂಟು. ಅವನು ಎದ್ದು, ಕಾಲಾಡಿಸುವವನಂತೆ ವೇದಿಕೆಯ ಎಡಪಕ್ಕಕ್ಕೆ ಹೋದ. ಎಂದಿನಂತೆ ಪೆಟ್ಟಿಗೆಯ ಬೆನ್ನಿಗೆ ಕಿವಿ ಇಟ್ಟ. ಇಟ್ಟವನು ಬೆಂಕಿ ತಗುಲಿದವನ ಹಾಗೆ ತಲೆ ಹಿಂದಕ್ಕೆ ಎಳೆದುಕೊಂಡ. ಕಿವಿಯ ತುದಿ ಕೆಂಪಾಗಿದ್ದುದು ನನಗೆ ಮೈಕಿನ ಬಳಿಯಿಂದಲೇ ಕಂಡಿತು.

ಅಷ್ಟರಲ್ಲೇ ಅವನಿಗೆ ಎಲ್ಲ ತಿಳಿದುಹೋಯಿತು. ಒಂದೇ ಕೋಣೆಯ ಪೆಟ್ಟಿಗೆ ಕಟ್ಟಿದ ಕೈ ಎರಡು ಕೋಣೆಯ ಪೆಟ್ಟಿಗೆಯ ಮೂಗು ಮುಚ್ಚಿತ್ತು. ಹಳೆಯ ಪೆಟ್ಟಿಗೆಯಲ್ಲಿ ಬಿಸಿಯಾಗುವ ವಸ್ತುವೇ ಇರಲಿಲ್ಲ. ಅದು ಕಪಾಟಿನಲ್ಲಿ ಇರುತ್ತಿತ್ತು.

ಅವನು ಬಂದು ಕುಳಿತ. ಈ ಸಲ ಕಾಲ ಮೇಲೆ ಕಾಲು ಹಾಕಲಿಲ್ಲ. ಈಗ ಹೇಳಿದರೆ ಪೆಟ್ಟಿಗೆ ನಿಲ್ಲಿಸಬೇಕು. ನಿಲ್ಲಿಸಿದರೆ ಸೋತ ಹಾಗೆ. ಹೇಳದೆ ಹೋದರೆ, ದೀಪ ಹಾಕುವವರೆಗೆ ಹೇಗೋ ತಡೆದೀತೇನೋ. ಅವನ ಕಣ್ಣು ಕಿಟಕಿಯ ಬಿಸಿಲಿನಿಂದ ಪೆಟ್ಟಿಗೆಗೆ, ಪೆಟ್ಟಿಗೆಯಿಂದ ಮಗಳಿಗೆ ಹೋಗಿ ಬರುತ್ತಿತ್ತು. ಅವಳು ಕೈಯಲ್ಲೇ ತಾಳ ಹಾಕುತ್ತಿದ್ದಳು. ನನಗೆ ಆಗ ಇದೊಂದೂ ಗೊತ್ತಿರಲಿಲ್ಲ; ಅವನಿಗೆ ಹೊಟ್ಟೆನೋವೇ ಎಂದುಕೊಂಡು ಓದು ಮುಂದುವರಿಸಿದೆ.

ಪೇಟೆ ಧಾರಣೆಯನ್ನು ಎರಡನೆಯ ಸಲ ಓದುತ್ತಿದ್ದಾಗ ನನ್ನ ಧ್ವನಿಯ ಎಡಗಡೆ ಬಿದ್ದುಹೋಯಿತು. ಹೇಗೆ ಹೇಳಲಿ, ಒಂದು ಕಿವಿ ಮುಚ್ಚಿದ ಹಾಗೆ. ಎಡಪೆಟ್ಟಿಗೆ ಒಮ್ಮೆ ಮಾತಾಡಿತು, ನುಂಗಿತು, ಮತ್ತೆ ಮಾತಾಡಿತು, ಮತ್ತೆ ಸುಮ್ಮನಾಯಿತು.

ಮಗಳು ಓಡಿದಳು. ಮ್ಯಾನೇಜರಮ್ಮ ಕಣ್ಣು ತೆರೆದರು, ಕನ್ನಡಕ ಹಾಕಿಕೊಂಡರು, ನಿಧಾನವಾಗಿ ನಡೆದು ಬಂದರು. ನಾನು ಬಲಪೆಟ್ಟಿಗೆಯೊಂದರಲ್ಲೇ ಓದು ಮುಂದುವರಿಸಿದೆ. ಅವರು ವೇದಿಕೆ ತಲುಪುವಷ್ಟರಲ್ಲಿ ಬಲಪೆಟ್ಟಿಗೆಯೂ ನಿಂತಿತು.

"ಏನಾಯ್ತಮ್ಮ?"

ಹುಡುಗಿಯ ಮುಖ ಬಿಳುಚಿತ್ತು. ಆದರೂ ನೇರವಾಗಿ ನಿಂತು ಹೇಳಿದಳು: "ಬಿಸಿಯಾಗಿ ತಾನಾಗೇ ನಿಂತಿದೆ ಮೇಡಂ. ಸುಟ್ಟಿಲ್ಲ. ಆಂಪ್ಲಿಫೈಯರ್ ಬೋರ್ಡು ನಾನೇ ಆರಿಸಿ ತಂದದ್ದು. ಕಡಿಮೆ ತಾಕತ್ತಿನದು ತಂದೆ ಅಂತ ಕಾಣುತ್ತೆ. ತಪ್ಪು ನನ್ನದು. ಅಪ್ಪನ ಪೆಟ್ಟಿಗೇಲಿ ಏನೂ ದೋಷ ಇಲ್ಲ."

ಅಪ್ಪನ ಪೆಟ್ಟಿಗೆಯಲ್ಲಿ ದೋಷವಿಲ್ಲ. ಆ ಮಾತು ಕೇಳಿ ಕಿವಿಯಣ್ಣ ಎದ್ದ. ಸುಮ್ಮನಿದ್ದಿದ್ದರೆ ಅಲ್ಲಿಗೇ ಮುಗಿಯುತ್ತಿತ್ತು. ಅವಳು ತನ್ನ ಕೈಯನ್ನೇ ದೂರಿಕೊಂಡು ಶೋರೂಮಿಗೆ ಹೋಗುತ್ತಿದ್ದಳು. ಅವನ ಹೆಸರಿಗೆ ಮಸಿ ಹತ್ತುತ್ತಿರಲಿಲ್ಲ. ಅವನು ವೇದಿಕೆ ಹತ್ತಿ, ಜೇಬಿನಿಂದ ತಿರುಪುಳಿ ತೆಗೆದು, ಯಾರನ್ನೂ ನೋಡದೆ ಎಡಪೆಟ್ಟಿಗೆಯ ಬೆನ್ನು ಬಿಚ್ಚತೊಡಗಿದ.

"ಅಪ್ಪ, ಏನು ಮಾಡ್ತಿದ್ದೀರ?"

ಅವನು ಹಲಗೆ ತೆಗೆದು ತಿರುಗಿಸಿ ತೋರಿಸಿದ. ಎರಡು ಸೀಳಿಗೂ ಅಂಟಿದ ಕಪ್ಪು ಉಣ್ಣೆಪಟ್ಟಿ ಬಿಸಿಗೆ ಸುರುಟಿಕೊಂಡಿತ್ತು.

"ಬೆಳಿಗ್ಗೆ ನಾನು ಹಾಕಿದೆ" ಎಂದ. "ಸುಯ್ ಅಂತಿತ್ತು. ತಡೀಲಾರದೆ ಮುಚ್ಚಿಬಿಟ್ಟೆ. ನಿನ್ನ ಬೋರ್ಡಿಗೆ ಏನೂ ಆಗಿಲ್ಲ. ಉಸಿರು ಕಟ್ಟಿಸಿದವನು ನಾನು."

ಮಗಳು ಆ ಪಟ್ಟಿಯನ್ನೇ ನೋಡಿದಳು. "ಮೂಗು ಅಂತ ಹೇಳಿದ್ನಲ್ಲ" ಎಂದಷ್ಟೇ ಅಂದಳು. ಬೈದಿದ್ದರೆ ವಾಸಿಯಿತ್ತು ಎಂದು ಕಿವಿಯಣ್ಣ ಆಮೇಲೆ ನನ್ನ ಬಳಿ ಹೇಳಿದ.

ಅವನು ಪಟ್ಟಿಗಳನ್ನು ಕಿತ್ತ, ಇನ್ನೊಂದು ಪೆಟ್ಟಿಗೆಯದನ್ನೂ ಕಿತ್ತ. ನನ್ನ ಪೇಪರನ್ನು ಇಸಿದುಕೊಂಡು ಆ ಬೋರ್ಡುಗಳಿಗೆ ಬೀಸಿದ, ಜ್ವರದ ಮಗುವಿಗೆ ಬೀಸುವ ಹಾಗೆ. ಆರಿದ ಮೇಲೆ ಹಲಗೆ ಕೂರಿಸಿದರು. ಮ್ಯಾನೇಜರಮ್ಮ ಹೋಗಿರಲಿಲ್ಲ, ಕೈಕಟ್ಟಿ ನೋಡುತ್ತಿದ್ದರು. ಮಗಳು ಸ್ವಿಚ್ಚು ಹಾಕಿ ಸದ್ದು ಏರಿಸಿದಳು.

ಸುಯ್ ಸುಯ್.

ಈಗ ಅದು ಅವಳಿಗೂ ಕೇಳಿಸಿತು. ನನ್ನ ಮಧ್ಯಾಹ್ನದ ನಿದ್ದೆ ಕೆಡದಿರಲೆಂದು ಅವಳು ಶೆಡ್ಡಿನಲ್ಲಿ ಯಾವಾಗಲೂ ಸಣ್ಣ ಸದ್ದಿನಲ್ಲೇ ಪರೀಕ್ಷೆ ಮಾಡುತ್ತಿದ್ದಳು. ಅಷ್ಟು ಸಣ್ಣದರಲ್ಲಿ ಅದು ಹುಟ್ಟುತ್ತಲೇ ಇರಲಿಲ್ಲ. ಅವಳು ಮಂಡಿಯೂರಿ ಸೀಳಿಗೆ ಕಿವಿ ಇಟ್ಟಳು. ಅಪ್ಪನ ಹಾಗೆಯೇ ಇಟ್ಟಳು, ಒಂದು ಕಣ್ಣು ಮುಚ್ಚಿ. ಆಮೇಲೆ ಹಲಗೆ ಮತ್ತೆ ಬಿಚ್ಚಿ, ಒಳಗೆ ಎರಡು ಕೋಣೆಗಳ ನಡುವಿನ ಗೋಡೆಯಲ್ಲಿ ಬೆರಳಾಡಿಸಿದಳು. ಮುಂದಿನ ಕೋಣೆಗೆ ತಂತಿ ಹೋಗುವ ತೂತು ಅಲ್ಲಿತ್ತು. ತಂತಿಯ ಸುತ್ತ ಮುಚ್ಚುವುದನ್ನು ಅವಳು ಮರೆತಿದ್ದಳು. ಮುಂದಿನ ಕೋಣೆಯ ಗಾಳಿ ಅಲ್ಲಿಂದ ನುಗ್ಗಿ ಸೀಳಿನಲ್ಲಿ ಹೊರಗೆ ಊದುತ್ತಿತ್ತು.

"ಸುಯ್ ಅನ್ನಿಸಿದ್ದು ನಾನು" ಎಂದಳು. "ಮುಚ್ಚಬೇಕಾಗಿದ್ದದ್ದು ಇದನ್ನ."

"ನಾನು ನಿನ್ನನ್ನ ಒಂದು ಮಾತು ಕೇಳಬೇಕಾಗಿತ್ತು" ಎಂದ ಕಿವಿಯಣ್ಣ. ಜೇಬಿನಿಂದ ಅಂಟುಮುದ್ದೆ ತೆಗೆದು ಅವಳ ಕೈಗೆ ಕೊಟ್ಟ. ಅವಳು ಎರಡು ಪೆಟ್ಟಿಗೆಯ ತೂತನ್ನೂ ಮುಚ್ಚಿ ಹಲಗೆ ಬಿಗಿದಳು.

ಮ್ಯಾನೇಜರಮ್ಮ ಗಂಟಲು ಸರಿಪಡಿಸಿಕೊಂಡರು. "ಮಾಲಿಗೆ ಗಿರಾಕಿ ಹುಡುಕೋದು ನೋಡಿದ್ದೆ. ತಪ್ಪಿಗೆ ಇಷ್ಟು ಗಿರಾಕಿಗಳು ಮುಗಿಬೀಳೋದು ಇವತ್ತೇ ನೋಡಿದ್ದು." ನಾನು ನಗಲು ಹೋದೆ, ಅವರು ನಗಲಿಲ್ಲ. "ಷರತ್ತು ಷರತ್ತೇ. ಇವತ್ತು ನಿಂತುಹೋಗಿದೆ. ಪೆಟ್ಟಿಗೆ ಎರಡೂ ಇಲ್ಲೇ ಇರಲಿ. ನಾಳೆ ಕಾರ್ಖಾನೆಯವರದರ ಪಕ್ಕದಲ್ಲಿ ಇವನ್ನೂ ಹಚ್ಚಿ ಬಿಡ್ತೀನಿ. ನೀವ್ಯಾರೂ ಬರಬೇಡಿ."

ಮರುದಿನದಷ್ಟು ಉದ್ದದ ದಿನವನ್ನು ನಾನು ಆ ಶೆಡ್ಡಿನಲ್ಲಿ ಕಂಡಿಲ್ಲ. ಅಪ್ಪ ಉಳಿಗಳನ್ನು ಮಸೆದ. ಮಸೆದದ್ದನ್ನೇ ಮತ್ತೆ ಮಸೆದ. ಮಗಳು ಶೋರೂಮಿನವರ ಫೋನು ಬಂದರೂ ಎತ್ತಲಿಲ್ಲ. ಹೆಂಡತಿ ಚಹಾ ತಂದಿಟ್ಟಳು, ಅದು ಕೆನೆಗಟ್ಟಿತು. "ಇಬ್ಬರೂ ಮಾತಾಡಿ ಸಾಯ್ರಿ" ಎಂದು ಗದರಿ ಲೋಟ ಎತ್ತಿಕೊಂಡು ಹೋದಳು. ಬೀದಿದೀಪ ಹತ್ತಿದರೂ ಸುದ್ದಿಯಿಲ್ಲ. ಇನ್ನು ಬಾಗಿಲೆಳೆಯೋಣ ಎಂದು ಕಿವಿಯಣ್ಣ ಏಳುವಾಗ ಮಗಳ ಫೋನು ಬಡಿದುಕೊಂಡಿತು. ಅವಳು ಸ್ಪೀಕರಿಗೆ ಹಾಕಿ ಬೆಂಚಿನ ಮೇಲಿಟ್ಟಳು.

"ಅವರದೂ ನಿಲ್ಲಲಿಲ್ಲ, ನಿಮ್ಮದೂ ನಿಲ್ಲಲಿಲ್ಲ" ಎಂದಿತು ಮ್ಯಾನೇಜರಮ್ಮನ ಧ್ವನಿ. "ಹೊರಗಿನ ಮೊಗಸಾಲೆಗೆ ಅವರದು ತಗೋತೀನಿ, ಅದು ಹಗುರ. ಸಭಾಂಗಣದೊಳಗೆ ನಿಮ್ಮದು."

ಮಗಳು ಬೆಂಚಿನ ಅಂಚನ್ನು ಹಿಡಿದುಕೊಂಡಳು. ಕಿವಿಯಣ್ಣ ಫೋನಿನ ಕಡೆ ಬಾಗಿ, "ಅಮ್ಮಾ, ಸದ್ದು ನಮ್ಮದೇ ಚೆನ್ನಾಗಿತ್ತಲ್ವಾ?" ಎಂದ.

"ಸದ್ದು ಎರಡರದ್ದೂ ಒಂದೇ ಅನ್ನಿಸ್ತು ನನಗೆ. ಅವರ ಹುಡುಗನನ್ನ ಕೆಟ್ಟರೆ ಏನು ಮಾಡ್ಲಿ ಅಂತ ಕೇಳ್ದೆ. ಬಿಚ್ಚೋ ಹಾಗಿಲ್ಲ, ಕಾರ್ಖಾನೆಗೆ ಕಳಿಸಿ ಅಂದ. ನೀವು ನನ್ನ ಕಣ್ಣೆದುರೇ ಬಿಚ್ಚಿ, ಸರಿಮಾಡಿ, ಮುಚ್ಚಿದ್ರಿ. ನನಗೆ ಬೇಕಾಗಿರೋದು ಅದು. ಇನ್ನೊಂದು ಮಾತು. ಹಿಂಬದಿ ಹಲಗೆಗೆ ಮಗಳೇ ತಿರುಪು ಹಾಕಲಿ. ನೀವು ಮುಂದಿನದು ನೋಡಿಕೊಳ್ಳಿ."

ಫೋನು ನಿಂತ ಮೇಲೆ ಕಿವಿಯಣ್ಣ ಬಹಳ ಹೊತ್ತು ಗೊಣಗಿದ. "ಒಂದೇ ಅನ್ನಿಸ್ತಂತೆ. ಮೇಷ್ಟ್ರೇ, ಒಂದೇ ಅಂತೆ. ಮೊದಲು ಸೊಂಟದಲ್ಲಿ ಕೊಳ್ತಿದ್ರು, ಈಗ ತಿರುಪುಳಿಯಲ್ಲಿ ಕೊಳ್ತಾರೆ. ಕಿವಿಯಲ್ಲಿ ಕೊಳ್ಳೋರು ಹುಟ್ಟಲೇ ಇಲ್ಲ."

"ಅಪ್ಪ, ನಾಳೆ ಹಲಗೆ ತರೋಕೆ ಹೋಗಬೇಕು" ಎಂದಳು ಮಗಳು. ಅವಳು ಆಗಲೇ ಶೋರೂಮಿನವರಿಗೆ ಬರಲಾರೆನೆಂದು ತಿಳಿಸುತ್ತಿದ್ದಳು, ಫೋನಿನ ಮೇಲೆ ಎರಡು ಹೆಬ್ಬೆರಳೂ ಆಡುತ್ತಿದ್ದವು.

ಈಗಲೂ ಹಳೆಯ ಗಿರಾಕಿಯೊಬ್ಬರು ಬಂದರೆ ಕಿವಿಯಣ್ಣ ಪ್ಯಾಸಿವ್ ಜೋಡಿ ಕಟ್ಟಿಕೊಡುತ್ತಾನೆ, ತಾನೇ ಸುರುಳಿ ಸುತ್ತಿ. ಉಳಿದ ದಿನಗಳಲ್ಲಿ ಎರಡು ಕೋಣೆಯ ಪೆಟ್ಟಿಗೆಯೇ. ಕೆಲಸ ಮುಗಿದು ಪೆಟ್ಟಿಗೆ ಹಾಡುತ್ತಿರುವಾಗ ಅವನು ಮೊದಲು ಮುಂದೆ ನಿಂತು ಕಿವಿ ಕೊಡುತ್ತಾನೆ. ಆಮೇಲೆ ಹಿಂದಕ್ಕೆ ಹೋಗಿ, ಸೀಳಿನ ಎದುರು ಅಂಗೈ ಹಿಡಿದು ನಿಲ್ಲುತ್ತಾನೆ.

"ಬರ್ತಿದೆಯಾ?" ಎಂದು ಮಗಳು ಬೆಂಚಿನಿಂದ ಕೇಳುತ್ತಾಳೆ.

"ಬರ್ತಿದೆ, ಬೆಚ್ಚಗೆ" ಎನ್ನುತ್ತಾನೆ ಅವನು.